ವೀಲ್‌ಚೇರ್ ತಂದರೆ ಸಾಲದು, ಕುಳ್ಳಿರಿಸುವುದೂ ತಿಳಿದಿರಬೇಕು

ಪೀಣ್ಯದ ಕಾರ್ಖಾನೆಯಲ್ಲಿ ಮೇಲಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಕಾರ್ಮಿಕ, ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿ ಪಾರ್ಶ್ವವಾಯು ಬಡಿದ ತಾಯಿ, ಎಲೆಕ್ಟ್ರಾನಿಕ್ ಸಿಟಿಯ ಬಾಡಿಗೆ ಮನೆಯಲ್ಲಿ ಮಗನೊಂದಿಗಿರುವ ವೃದ್ಧ ತಂದೆ. ಇವರ ಬದುಕು ಬೇರೆ ಬೇರೆಯಾದರೂ ಆಸ್ಪತ್ರೆಯಿಂದ ಬಂದ ಮೇಲೆ ಮನೆಗೆ ಬರುವ ವಸ್ತು ಒಂದೇ: ಮಡಚುವ ವೀಲ್‌ಚೇರ್. ಬೆಳಿಗ್ಗೆ ರೋಗಿಯನ್ನು ಅದರಲ್ಲಿ ಕುಳ್ಳಿರಿಸಿ ಮನೆಯವರು ಕೆಲಸಕ್ಕೆ ಹೊರಡುತ್ತಾರೆ. ಅಪಾಯ ಆರಂಭವಾಗುವುದೇ ಅಲ್ಲಿಂದ.

ಹಾಲಿವುಡ್‌ನಲ್ಲಿ 'ಸೂಪರ್‌ಮ್ಯಾನ್' ಪಾತ್ರದಿಂದ ಹೆಸರಾದ ಕ್ರಿಸ್ಟೋಫರ್ ರೀವ್ 1995ರಲ್ಲಿ ಕುದುರೆಯಿಂದ ಬಿದ್ದು ಕತ್ತಿನ ಕೆಳಗೆ ಸ್ವಾಧೀನ ಕಳೆದುಕೊಂಡರು. ಹಣಕ್ಕಾಗಲಿ ದಾದಿಯರಿಗಾಗಲಿ ಅವರಿಗೆ ಕೊರತೆ ಇರಲಿಲ್ಲ. ಆದರೂ 2004ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡಾಗ, ಒತ್ತಡದಿಂದಾದ ಹುಣ್ಣಿನ ಸೋಂಕಿಗೆ ಚಿಕಿತ್ಸೆ ಪಡೆಯುತ್ತಿದ್ದರು. ನಾವು ಸಣ್ಣದೆಂದು ಬಗೆಯುವ ಹುಣ್ಣು ಎಂಥವರನ್ನೂ ಬಿಡುವುದಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಹುಣ್ಣು ಹೇಗಾಗುತ್ತದೆ?

ನಾವು ಕುಳಿತಾಗ ದೇಹದ ಭಾರವೆಲ್ಲ ಪೃಷ್ಠದ ಎರಡು ಮೂಳೆಗಳ ಮೇಲೆ ಬೀಳುತ್ತದೆ. ಅಲ್ಲಿ ರಕ್ತಸಂಚಾರ ಕುಂಠಿತವಾದಾಗ ನೋವಾಗಿ, ನಮಗರಿವಿಲ್ಲದೆಯೇ ನಾವು ಅತ್ತಿತ್ತ ಸರಿಯುತ್ತೇವೆ. ಸ್ಪರ್ಶಜ್ಞಾನ ಇಲ್ಲದವರಿಗೆ ಈ ಎಚ್ಚರಿಕೆ ಸಿಗುವುದಿಲ್ಲ. ಮೈ ಸರಿಸಲಾಗದವರಿಗೆ ಸಿಕ್ಕರೂ ಪ್ರಯೋಜನವಿಲ್ಲ. ಆದ್ದರಿಂದ ಪ್ರತಿ 15ರಿಂದ 30 ನಿಮಿಷಕ್ಕೊಮ್ಮೆ ಅವರನ್ನು ಮುಂದಕ್ಕೆ ಅಥವಾ ಪಕ್ಕಕ್ಕೆ ಬಾಗಿಸಿ ಒಂದೆರಡು ನಿಮಿಷ ಭಾರ ಇಳಿಸಬೇಕು. ಕೈಗಳಲ್ಲಿ ಶಕ್ತಿ ಇರುವವರು ತಾವೇ ಇದನ್ನು ರೂಢಿಸಿಕೊಳ್ಳಬಹುದು.

ರಾತ್ರಿ ಮಲಗಿಸುವಾಗ ಬೆನ್ನಿನ ಕೆಳಭಾಗ, ಪೃಷ್ಠ, ಹಿಮ್ಮಡಿಗಳನ್ನು ತಪ್ಪದೆ ನೋಡಿ. ಭಾರ ಇಳಿಸಿ ಅರ್ಧ ಗಂಟೆಯಾದರೂ ಕೆಂಪು ಕಲೆ ಮಾಯವಾಗದಿದ್ದರೆ ಅದು ಹುಣ್ಣಿನ ಮೊದಲ ಹೆಜ್ಜೆ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದೆ ಚರ್ಮ ಇನ್ನಷ್ಟು ಕಪ್ಪಾಗಬಹುದು, ಬಿಸಿಯಾಗಿ ಅಥವಾ ಗಟ್ಟಿಯಾಗಿ ತೋರಬಹುದು. ಅಲ್ಲಿ ತಿಕ್ಕಬೇಡಿ, ಅದರ ಮೇಲೆ ಮತ್ತೆ ಕುಳ್ಳಿರಿಸಬೇಡಿ, ವೈದ್ಯರಿಗೆ ತೋರಿಸಿ.

ಕುರ್ಚಿ ಹೇಗಿರಬೇಕು?

ಮಡಚುವ ವೀಲ್‌ಚೇರಿನ ಬಟ್ಟೆಯ ಆಸನ ಕೆಲವೇ ತಿಂಗಳಲ್ಲಿ ಜೋಲು ಬೀಳುತ್ತದೆ. ಆಗ ತೊಡೆಗಳು ಒಳಕ್ಕೆ ಸೇರಿ, ಸೊಂಟ ಓರೆಯಾಗಿ, ರೋಗಿ ಮುಂದಕ್ಕೆ ಜಾರುತ್ತಾರೆ. ಆಸನದ ಮೇಲೆ ಗಟ್ಟಿ ಹಲಗೆ, ಅದರ ಮೇಲೆ ಒಳ್ಳೆಯ ಕುಶನ್ ಇಡುವುದು ಲೇಸು. ನಡುವೆ ತೂತಿರುವ, ಗಾಳಿ ತುಂಬುವ ರಬ್ಬರ್ ರಿಂಗ್ ಬೇಡ. ಅದು ಸುತ್ತಲಿನ ಚರ್ಮವನ್ನು ಒತ್ತಿ ರಕ್ತಸಂಚಾರವನ್ನು ಇನ್ನಷ್ಟು ತಡೆಯುತ್ತದೆ. ಇದೇ ಕಾರಣಕ್ಕೆ ಕಮೋಡ್ ಕುರ್ಚಿಯಲ್ಲೂ ಹೆಚ್ಚು ಹೊತ್ತು ಕುಳ್ಳಿರಿಸಬಾರದು.

ಸೊಂಟ ಬೆನ್ನೊರಗಿಗೆ ತಾಗಿರಬೇಕು. ಪಾದಗಳು ಜೋತಾಡದೆ ಪಾದಪೀಠದ ಮೇಲಿರಬೇಕು. ಬೆಲ್ಟ್ ಕಟ್ಟುವುದಾದರೆ ಹೊಟ್ಟೆಗಲ್ಲ, ಸೊಂಟದ ಮೂಳೆಗೆ ಕಟ್ಟಬೇಕು. ಬೀಳದಿರಲೆಂದು ದುಪ್ಪಟ್ಟ ಅಥವಾ ಲುಂಗಿಯಿಂದ ಎದೆಗೆ ಬಿಗಿದು ಒಬ್ಬರನ್ನೇ ಬಿಟ್ಟು ಹೋಗುವುದು ಅತ್ಯಂತ ಅಪಾಯಕಾರಿ. ರೋಗಿ ಕೆಳಕ್ಕೆ ಜಾರಿದರೆ ಅದೇ ಬಟ್ಟೆ ಉಸಿರುಗಟ್ಟಿಸಬಹುದು.

ಏಳಿಸುವಾಗ, ತಳ್ಳುವಾಗ

ಮಂಚದಿಂದ ಕುರ್ಚಿಗೆ ದಾಟಿಸುವ ಹೊತ್ತಿನಲ್ಲಿ ಬೀಳುವ ಭಯ ಹೆಚ್ಚು. ಎರಡೂ ಬ್ರೇಕ್ ಹಾಕಿ, ಪಾದಪೀಠಗಳನ್ನು ಮೇಲಕ್ಕೆತ್ತಿ. ಪಾರ್ಶ್ವವಾಯು ಆದವರಿಗೆ ಶಕ್ತಿ ಇರುವ ಬದಿಗೆ ಕುರ್ಚಿ ಇಡಿ. ಸ್ವಾಧೀನವಿಲ್ಲದ ಕೈಯನ್ನು ಹಿಡಿದೆಳೆದರೆ ಭುಜದ ಕೀಲು ಸಡಿಲವಾದೀತು. ಟಯರಿನಲ್ಲಿ ಗಾಳಿ ಕಡಿಮೆಯಾದರೆ ಬ್ರೇಕ್ ಹಿಡಿಯುವುದಿಲ್ಲ ಎಂಬುದು ನೆನಪಿರಲಿ. ಸೀರೆಯ ಸೆರಗು, ಬುರ್ಖಾದ ಅಂಚು ಗಾಲಿಗೆ ಸಿಗದಂತೆ ನೋಡಿಕೊಳ್ಳಿ. ಇಳಿಜಾರಿನಲ್ಲಿ ಕುರ್ಚಿಯನ್ನು ಹಿಮ್ಮುಖವಾಗಿ ಇಳಿಸಿ. ಅರ್ಧ ಅಡಿ ಎತ್ತರದ ಹೊಸ್ತಿಲಿಗೆ ಕನಿಷ್ಠ 6 ಅಡಿ ಉದ್ದದ ರ‍್ಯಾಂಪ್ ಬೇಕು.

ನಿಲ್ಲಲಾಗದವರಿಗೆ ಕುಳಿತು ನಮಾಝ್ ನಿರ್ವಹಿಸುವ ರಿಯಾಯಿತಿ ಇದೆ. ಆದರೆ ವೀಲ್‌ಚೇರಿನಲ್ಲಿ ರುಕೂ, ಸುಜೂದ್‌ಗೆ ಬಾಗುವಾಗ ಭಾರ ಮುಂದಕ್ಕೆ ವಾಲಿ ಕುರ್ಚಿ ಮಗುಚಬಹುದು. ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿದರೆ ಮುಂದಿನ ಸಣ್ಣ ಗಾಲಿಗಳು ಮುಂದಕ್ಕೆ ತಿರುಗಿ ಆಧಾರ ಹೆಚ್ಚುತ್ತದೆ. ಆಮೇಲೆ ಬ್ರೇಕ್ ಹಾಕಿ, ಪಾದಗಳನ್ನು ನೆಲಕ್ಕೆ ಊರಿಸಿ. ವುಝೂ ಮಾಡಿಸಿದ ನಂತರ ಕುಶನ್ ಮತ್ತು ಬಟ್ಟೆ ಒದ್ದೆಯಾಗಿದ್ದರೆ ಬದಲಿಸಿ. ತೇವದಲ್ಲಿ ಚರ್ಮ ಬೇಗ ಒಡೆಯುತ್ತದೆ.

ನೆರವು ಎಲ್ಲಿದೆ?

ರೋಗಿಯ ಅಳತೆ, ಅಗತ್ಯ ನೋಡಿಯೇ ವೀಲ್‌ಚೇರ್ ನೀಡಬೇಕು, ಬಳಸುವವರಿಗೂ ಮನೆಯವರಿಗೂ ತರಬೇತಿ ಕೊಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲೇ ಮಾರ್ಗಸೂಚಿ ಹೊರಡಿಸಿ, 2023ರಲ್ಲಿ ಹೊಸದನ್ನೂ ಪ್ರಕಟಿಸಿದೆ. ಬೆಂಗಳೂರಿನಲ್ಲಿ 1994ರಿಂದಿರುವ ಮೊಬಿಲಿಟಿ ಇಂಡಿಯಾ ಮತ್ತು 1959ರಲ್ಲಿ ಆರಂಭವಾದ ಲಿಂಗರಾಜಪುರದ ಎಪಿಡಿ ಅಂಗವಿಕಲರ ನಡುವೆ ಕೆಲಸ ಮಾಡುತ್ತಿವೆ. 60 ದಾಟಿದ ಬಡ ಹಿರಿಯರಿಗೆ ಉಚಿತ ಸಲಕರಣೆ ನೀಡಲು ಕೇಂದ್ರ ಸರಕಾರ 2017ರಲ್ಲಿ ರಾಷ್ಟ್ರೀಯ ವಯೋಶ್ರೀ ಯೋಜನೆ ಆರಂಭಿಸಿತು. ಕೆಲಸದಲ್ಲಿ ಗಾಯಗೊಂಡ ಕಾರ್ಮಿಕನಿಗೆ ಇಎಸ್‌ಐ ವಿಮೆ ಇದ್ದರೆ ಅಲ್ಲೂ ವಿಚಾರಿಸಬೇಕು. ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳಿಗೆ ಮಾರತಹಳ್ಳಿ ಸಮೀಪದ ಕರುಣಾಶ್ರಯದಲ್ಲಿ ಉಚಿತ ಶುಶ್ರೂಷೆ ಸಿಗುತ್ತದೆ.

ಎಲ್ಲ ಸಲಕರಣೆಗಳಿಗಿಂತ ಮುಖ್ಯವಾದುದು ಮನೆಯವರ ಸಮಯ. ಈ ಆರೈಕೆಯ ಹೊರೆ ಹೆಚ್ಚಾಗಿ ಹೆಂಡತಿ, ಸೊಸೆ ಅಥವಾ ಮಗಳ ಹೆಗಲಿಗೆ ಬೀಳುತ್ತದೆ. ಒಬ್ಬಳೇ ಹಗಲಿಡೀ ಗಂಟೆಗೆರಡು ಸಲ ರೋಗಿಯನ್ನು ಸರಿಸುತ್ತಿದ್ದರೆ ಆಕೆಯ ಸೊಂಟವೂ ಸೋಲುತ್ತದೆ. ಸಂಜೆ ಶಿಫ್ಟ್ ಮುಗಿಸಿ ಬಂದ ಗಂಡ, ಕಾಲೇಜಿನಿಂದ ಬಂದ ಮಗ ಸರದಿಯಂತೆ ಆ ಕೆಲಸ ಹಂಚಿಕೊಳ್ಳಲಿ. ಹೆತ್ತವರ ಸೇವೆ ಗಂಡುಮಕ್ಕಳ ಹೊಣೆಯೂ ಹೌದಲ್ಲವೇ?