ಅಬ್ಬರದ ಶಬ್ದ ಮತ್ತು ಮಕ್ಕಳ ಕಿವಿ: ಆತಂಕ ಎಷ್ಟು, ಎಚ್ಚರ ಎಷ್ಟು?

ಮುಂಬಯಿ, ಪುಣೆ, ಹೈದರಾಬಾದ್ ಮೊದಲಾದ ಮಹಾನಗರಗಳಲ್ಲಿ ನೆಲೆಸಿರುವ ಕುಟುಂಬಗಳಿಗೆ ಗಣೇಶ ವಿಸರ್ಜನೆಯ ಮೆರವಣಿಗೆ, ದೀಪಾವಳಿಯ ಪಟಾಕಿ, ಮದುವೆಯ ದಿಬ್ಬಣ ಇವೆಲ್ಲ ಸಂಭ್ರಮದ ಸಂದರ್ಭಗಳು. ಆದರೆ ಹೆಗಲ ಮೇಲಿನ ಕೂಸು ಧ್ವನಿವರ್ಧಕದ ಅಬ್ಬರಕ್ಕೆ ಬೆಚ್ಚಿ ಅತ್ತಾಗ, ಅದರ ಕಿವಿಗೆ ಹಾನಿಯಾಯಿತೇನೋ ಎಂಬ ಶಂಕೆ ತಾಯಿತಂದೆಯರನ್ನು ದಿನಗಟ್ಟಲೆ ಕಾಡುವುದುಂಟು. ಈ ಆತಂಕದಲ್ಲಿ ಸಕಾರಣವಾದುದು ಎಷ್ಟು, ಅನಗತ್ಯವಾದುದು ಎಷ್ಟು ಎಂಬುದನ್ನು ಅರಿಯುವುದು ಅವಶ್ಯ.

ಅಳು ಅಳತೆಗೋಲಲ್ಲ

ದೊಡ್ಡ ಶಬ್ದಕ್ಕೆ ಶಿಶು ಬೆಚ್ಚಿಬೀಳುವುದು ಹುಟ್ಟಿನಿಂದಲೇ ಬಂದ ಪ್ರತಿಕ್ರಿಯೆ. ಅದು ಮಗುವಿಗೆ ಕೇಳಿಸುತ್ತಿದೆ ಎಂಬುದರ ಸೂಚನೆಯೇ ಹೊರತು ಕಿವಿ ಕೆಟ್ಟಿತೆಂಬುದಕ್ಕೆ ಪುರಾವೆಯಲ್ಲ. ಇದಕ್ಕೆ ಪ್ರತಿಯಾಗಿ, ಧ್ವನಿವರ್ಧಕದ ಎದುರಿಗೇ ನಿಂತು ಗಂಟೆಗಟ್ಟಲೆ ನಲಿದು ಕುಣಿಯುವ ಹತ್ತು ವರ್ಷದ ಬಾಲಕ ಅಳದಿದ್ದರೂ ಹೆಚ್ಚಿನ ಅಪಾಯದಲ್ಲಿರಬಹುದು. ಆದುದರಿಂದ ಮಗುವಿನ ಅಳುವಿಗಿಂತ ಶಬ್ದದ ಪ್ರಮಾಣ, ಅವಧಿ ಮತ್ತು ದೂರಗಳನ್ನು ಗಮನಿಸಬೇಕು.

ಒಳಕಿವಿಯಲ್ಲಿ ಆಗುವುದೇನು?

ಬಸವನಹುಳುವಿನ ಚಿಪ್ಪಿನ ಆಕಾರದ ಒಳಕಿವಿಯಲ್ಲಿ ಸುಮಾರು 15,000 ಸೂಕ್ಷ್ಮ ಕೇಶಕೋಶಗಳಿರುತ್ತವೆ. ಅತಿಯಾದ ಶಬ್ದದಿಂದ ಅವು ದಣಿದಾಗ ಕಿವಿ ಮಂದವಾಗುತ್ತದೆ, ಗುಂಯ್‌ಗುಟ್ಟುತ್ತದೆ. ವಿಶ್ರಾಂತಿ ದೊರೆತರೆ ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಇದು ಶಮನವಾಗುತ್ತದೆ. ಆದರೆ ನಾಶವಾದ ಕೇಶಕೋಶಗಳು ಮನುಷ್ಯರಲ್ಲಿ ಮತ್ತೆ ಬೆಳೆಯುವುದಿಲ್ಲ. ಆ ನಷ್ಟ ಶಾಶ್ವತವಾದುದು.

ಸಾಮಾನ್ಯ ಸಂಭಾಷಣೆಯ ಶಬ್ದ ಸುಮಾರು 60 ಡೆಸಿಬಲ್. ಸಂಗೀತ ಆಲಿಸುವ ಸಾಧನಗಳ ಬಗೆಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದ ಮಾನದಂಡದಂತೆ, ಮಕ್ಕಳಿಗೆ 75 ಡೆಸಿಬಲ್ ಶಬ್ದ ವಾರಕ್ಕೆ 40 ಗಂಟೆಗಳವರೆಗೆ ಸುರಕ್ಷಿತ. ಶಬ್ದ 3 ಡೆಸಿಬಲ್ ಏರಿದಂತೆಲ್ಲ ಈ ಅವಧಿ ಅರ್ಧಕ್ಕೆ ಇಳಿಯುತ್ತದೆ. ಈ ಲೆಕ್ಕದಲ್ಲಿ 90 ಡೆಸಿಬಲ್‌ಗೆ ವಾರಕ್ಕೆ ಒಂದೂಕಾಲು ಗಂಟೆ, 99 ಡೆಸಿಬಲ್‌ಗೆ ಹತ್ತು ನಿಮಿಷಕ್ಕೂ ಕಡಿಮೆ. ಇದು ದೀರ್ಘಕಾಲದ ರೂಢಿಯನ್ನು ಗಮನದಲ್ಲಿಟ್ಟು ಹಾಕಿದ ಮಿತಿ. ಒಂದು ದಿನ ಮಿತಿ ಮೀರಿದ ಮಾತ್ರಕ್ಕೆ ಮಗು ಕಿವುಡಾಗುತ್ತದೆಂದು ಭಾವಿಸಬಾರದು. ಆದರೆ ಕಿವಿಯ ಬಳಿಯೇ ಸಿಡಿದ ಪಟಾಕಿ ಒಂದೇ ಏಟಿಗೆ ಹಾನಿ ಮಾಡಬಲ್ಲುದು.

ವೈದ್ಯರನ್ನು ಕಾಣಬೇಕಾದುದು ಯಾವಾಗ?

ಕಿವಿನೋವು, ಸೋರಿಕೆ ಅಥವಾ ರಕ್ತ ಕಂಡುಬಂದರೆ, ಇಲ್ಲವೇ ಕಿವಿ ಇದ್ದಕ್ಕಿದ್ದಂತೆ ಕೇಳಿಸದಾದರೆ ಅದೇ ದಿನ ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣತಕ್ಕದ್ದು. ಗುಂಯ್‌ಗುಟ್ಟುವಿಕೆ ಎರಡು ದಿನಗಳಾದರೂ ನಿಲ್ಲದಿದ್ದರೆ, ಕರೆದರೆ ಮಗು ಓಗೊಡದಿದ್ದರೆ, ಮಾತಿನ ಬೆಳವಣಿಗೆ ಕುಂಠಿತವಾದರೆ ತಪಾಸಣೆ ಮಾಡಿಸಬೇಕು. ಕಿವಿಗೆ ಎಣ್ಣೆ ಬಿಡುವುದು ಸಲ್ಲದು. ಮಲಗಿರುವ ಶಿಶುವಿನ ಶ್ರವಣಶಕ್ತಿಯನ್ನೂ ಕೆಲವೇ ನಿಮಿಷಗಳಲ್ಲಿ ನೋವಿಲ್ಲದೆ ಪರೀಕ್ಷಿಸುವ ವಿಧಾನ ಇಂದು ಲಭ್ಯವಿದೆ. ಶಂಕೆಯಲ್ಲಿ ಕಾಲ ಕಳೆಯುವುದಕ್ಕಿಂತ ಪರೀಕ್ಷೆಯೇ ಲೇಸು. 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, 1983ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾಗಿ ಸಿಕಂದರಾಬಾದಿನಲ್ಲಿಯೂ ಕೇಂದ್ರವನ್ನು ಹೊಂದಿರುವ ಅಲಿ ಯಾವರ್ ಜಂಗ್ ಸಂಸ್ಥೆಗಳಲ್ಲಿ ಈ ಸೌಲಭ್ಯವಿದೆ.

ಮುನ್ನೆಚ್ಚರಿಕೆ ಮತ್ತು ಕಾನೂನು

ದೂರವೇ ಸುಲಭವಾದ ರಕ್ಷಣೆ. ಬಯಲಿನಲ್ಲಿ ಶಬ್ದದ ಮೂಲದಿಂದ ಇರುವ ದೂರ ಇಮ್ಮಡಿಯಾದರೆ ಶಬ್ದ ಸುಮಾರು 6 ಡೆಸಿಬಲ್ ತಗ್ಗುತ್ತದೆ. ಬರಿಯ ಹತ್ತಿಯನ್ನು ನಂಬುವಂತಿಲ್ಲ. ಕಿವಿಯನ್ನು ಪೂರ್ಣ ಮುಚ್ಚುವ, ಮಕ್ಕಳ ಅಳತೆಯ ರಕ್ಷಾಕವಚ ಉತ್ತಮ. ಆಗಾಗ ಮಗುವನ್ನು ನಿಶ್ಶಬ್ದವಾದ ಸ್ಥಳಕ್ಕೆ ಒಯ್ಯಬೇಕು.

ಶಬ್ದಮಾಲಿನ್ಯ (ನಿಯಂತ್ರಣ) ನಿಯಮಗಳು, 2000ರ ಮೇರೆಗೆ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ನಿಷಿದ್ಧ. ಸಾಂಸ್ಕೃತಿಕ ಹಾಗೂ ಧಾರ್ಮಿಕ ಸಂದರ್ಭಗಳಲ್ಲಿ ಮಾತ್ರ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನಗಳಿಗೆ ಮೀರದಂತೆ ಮಧ್ಯರಾತ್ರಿಯವರೆಗೆ ರಿಯಾಯಿತಿ ನೀಡಬಹುದು. ನಾಲ್ಕು ಮೀಟರ್ ದೂರದಲ್ಲಿ 125 ಡೆಸಿಬಲ್ ಮೀರುವ ಪಟಾಕಿಗಳ ತಯಾರಿಕೆ, ಮಾರಾಟ, ಬಳಕೆ ಮೂರಕ್ಕೂ ನಿಷೇಧವಿದೆ. ಮಿತಿ ಮೀರಿದಲ್ಲಿ ಪೊಲೀಸರಿಗೆ ದೂರು ಸಲ್ಲಿಸಬಹುದು. ತುರ್ತು ದೂರವಾಣಿ ಸಂಖ್ಯೆ 112.

ಹಬ್ಬದ ಹರ್ಷದಿಂದ ಮಕ್ಕಳನ್ನು ವಂಚಿತರನ್ನಾಗಿ ಮಾಡಬೇಕಾಗಿಲ್ಲ. ಹತ್ತು ಹೆಜ್ಜೆ ಹಿಂದೆ ನಿಂತು ನೋಡಿದರೂ ಗಣಪತಿಯ ದರ್ಶನಕ್ಕೆ ಕೊರತೆಯಿಲ್ಲ. ಕಳೆದುಹೋದ ಶ್ರವಣಶಕ್ತಿ ಮಾತ್ರ ಮರಳಿ ಬಾರದು.