ಹಿಂದಿನಿಂದ ಬರುವವರಿಗೆ ನಿಮ್ಮ ಗಾಡಿ ಕಾಣುತ್ತದೆಯೇ?

ಕಬ್ಬು ಅರೆಯುವ ಹಂಗಾಮು ಬಂತೆಂದರೆ ಮಂಡ್ಯ, ಬೆಳಗಾವಿ, ಬಾಗಲಕೋಟೆ ಮುಂತಾದ ಜಿಲ್ಲೆಗಳ ರಸ್ತೆಗಳಲ್ಲಿ ರಾತ್ರಿಯೆಲ್ಲ ಗಾಡಿಗಳ ಸಾಲು. ಎತ್ತಿನ ಗಾಡಿ, ಟೈರ್ ಗಾಡಿ, ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಎಲ್ಲವೂ ಕಾರ್ಖಾನೆಯ ಕಡೆಗೆ ಸಾಗುತ್ತವೆ. ಬೇರೆ ಕಡೆಗಳಲ್ಲಿಯೂ ತರಕಾರಿ, ಹುಲ್ಲು, ಮೆಕ್ಕೆಜೋಳ ಹೇರಿದ ಗಾಡಿಗಳು ನಸುಕಿಗೇ ಪೇಟೆಯ ದಾರಿ ಹಿಡಿಯುತ್ತವೆ. ಹೊರಡುವ ಮೊದಲು ರೈತರು ಎತ್ತಿನ ಲಾಳ, ಟೈರಿನ ಗಾಳಿ, ಹಗ್ಗದ ಬಿಗಿ ಎಲ್ಲವನ್ನೂ ನೋಡುತ್ತಾರೆ. ಗಾಡಿಯ ಬೆನ್ನನ್ನು ನೋಡುವವರು ಮಾತ್ರ ಕಡಿಮೆ. ನಿಧಾನವಾಗಿ ಸಾಗುವ ಗಾಡಿಗೆ ರಾತ್ರಿಯ ದೊಡ್ಡ ಅಪಾಯ ಬರುವುದು ಹಿಂದಿನಿಂದಲೇ ಎಂಬುದನ್ನು ನಾವು ಮರೆಯಬಾರದು.

ಎರಡು ಸೆಕೆಂಡಿನ ಲೆಕ್ಕ

ಎತ್ತಿನ ಗಾಡಿ ಗಂಟೆಗೆ ಸುಮಾರು 4 ಕಿ.ಮೀ. ಸಾಗುತ್ತದೆ. ಹೆದ್ದಾರಿಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಬರುವ ಕಾರು ಒಂದು ಸೆಕೆಂಡಿಗೆ 22 ಮೀಟರ್ ಕ್ರಮಿಸುತ್ತದೆ. ತಗ್ಗಿಸಿದ ದೀಪದ ಬೆಳಕಿನಲ್ಲಿ ಕಪ್ಪನೆಯ ವಸ್ತು ಚಾಲಕನಿಗೆ ಕಾಣುವುದು ಸುಮಾರು 40-50 ಮೀಟರ್ ದೂರದಿಂದ ಮಾತ್ರ. ಅಂದರೆ ನಿಮ್ಮ ಗಾಡಿ ಕಂಡ ಮೇಲೆ ಅವನಿಗೆ ಉಳಿಯುವುದು ಹೆಚ್ಚೆಂದರೆ ಎರಡು ಸೆಕೆಂಡು. ಕಂಡದ್ದನ್ನು ಮನಗಂಡು ಬ್ರೇಕಿನ ಮೇಲೆ ಕಾಲಿಡಲು ಒಂದೂವರೆ ಸೆಕೆಂಡು ಬೇಕು. ಒಣ ಡಾಂಬರು ರಸ್ತೆಯಲ್ಲಿಯೂ ಆ ಕಾರು ಪೂರ್ತಿ ನಿಲ್ಲಲು ಸುಮಾರು 70 ಮೀಟರ್ ಬೇಕಾಗುತ್ತದೆ. ಚಾಲಕ ಎಷ್ಟೇ ಜಾಣನಾಗಿದ್ದರೂ ಈ ಲೆಕ್ಕ ತಪ್ಪುವುದಿಲ್ಲ. ಎದುರಿನಿಂದ ಬರುವ ವಾಹನದ ದೀಪ ಕಣ್ಣು ಕೋರೈಸಿದರಂತೂ ಅಷ್ಟು ದೂರವೂ ಕಾಣದು.

ಆದ್ದರಿಂದ ಗಾಡಿಯ ಹಿಂಬದಿ ಕನಿಷ್ಠ 150 ಮೀಟರ್ ದೂರದಿಂದಲೇ ಎದ್ದು ಕಾಣುವಂತಿರಬೇಕು. ಆಗ ಚಾಲಕನಿಗೆ ಆರೇಳು ಸೆಕೆಂಡುಗಳ ಅವಕಾಶ ಸಿಗುತ್ತದೆ. ಜೀವ ಉಳಿಯಲು ಅಷ್ಟು ಸಾಕು.

ಬಣ್ಣ ಬೇರೆ, ಪ್ರತಿಫಲಕ ಬೇರೆ

ಟ್ರೇಲರಿನ ಹಿಂದೆ ಕೆಂಪು ಬಣ್ಣ ಬಳಿದರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು. ಬಣ್ಣವು ತನ್ನ ಮೇಲೆ ಬಿದ್ದ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತದೆ. ಚಾಲಕನ ಕಣ್ಣಿಗೆ ಹಿಂದಿರುಗುವುದು ಅತ್ಯಲ್ಪ. ಕನ್ನಡಿ ಅಥವಾ ಹಳೆಯ ಸಿ.ಡಿ. ಕಟ್ಟಿದರೂ ಪ್ರಯೋಜನವಿಲ್ಲ. ಸ್ವಲ್ಪ ಓರೆಯಾದರೂ ಅದು ಬೆಳಕನ್ನು ಬೇರೆ ಕಡೆಗೆ ಎಸೆಯುತ್ತದೆ. ಪ್ರತಿಫಲಕದ ಗುಣವೇ ಬೇರೆ. ಅದರೊಳಗಿನ ಸಣ್ಣ ಗಾಜಿನ ಮಣಿಗಳು ಅಥವಾ ಮೂಲೆಯಾಕಾರದ ಪಟ್ಟಕಗಳು ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳುಹಿಸುತ್ತವೆ. ದೀಪದ ಹಿಂದೆ ಕುಳಿತ ಚಾಲಕನಿಗೆ ಅದು ಕೆಂಡದಂತೆ ಹೊಳೆಯುತ್ತದೆ. ಇದಕ್ಕೆ ಬ್ಯಾಟರಿ ಬೇಡ, ಎಣ್ಣೆ ಬೇಡ.

ಪೇಟೆಯಲ್ಲಿ ಇದನ್ನು ‘ರೇಡಿಯಂ’ ಎಂದೇ ಕೇಳಿ ಕೊಳ್ಳುವುದು ರೂಢಿ. ಇದರಲ್ಲಿ ರೇಡಿಯಂ ಧಾತುವೇನೂ ಇಲ್ಲ. ನಂಬರ್ ಪ್ಲೇಟ್ ಬರೆಯುವ ಅಂಗಡಿಗಳಲ್ಲಿ ಹಾಗೂ ವಾಹನಗಳ ಬಿಡಿಭಾಗ ಮಾರುವಲ್ಲಿ ಪಟ್ಟಿಯ ರೂಪದಲ್ಲಿ ದೊರೆಯುತ್ತದೆ. ಕತ್ತಲಲ್ಲಿ ತಾನೇ ಮಂಕಾಗಿ ಮಿನುಗುವ ಹಾಳೆಯನ್ನು ಇದೆಂದು ತಿಳಿದು ಕೊಳ್ಳಬೇಡಿ.

ಅಂಟಿಸುವ ಕ್ರಮ

1. ಹಿಂಬದಿಗೆ ಕೆಂಪು, ಪಕ್ಕಗಳಿಗೆ ಹಳದಿ, ಮುಂದಕ್ಕೆ ಬಿಳಿ. ಈ ಕ್ರಮವನ್ನು ಅದಲು ಬದಲು ಮಾಡಬಾರದು. ಹಿಂದೆ ಬಿಳಿ ಹೊಳೆದರೆ ವಾಹನ ಎದುರಿನಿಂದ ಬರುತ್ತಿದೆ ಎಂದು ಚಾಲಕ ಮೋಸಹೋಗುತ್ತಾನೆ.

2. ನಡುವೆ ಒಂದೇ ತುಂಡು ಅಂಟಿಸಿದರೆ ದೂರದಿಂದ ಅದು ಸೈಕಲ್ಲಿನಂತೆ ತೋರುತ್ತದೆ. ಎಡ ಬಲ ಎರಡೂ ಅಂಚುಗಳಿಗೆ ಅಂಟಿಸಿ. ಗಾಡಿಯ ಅಗಲ ಎಷ್ಟೆಂಬುದು ಹಿಂದಿನವನಿಗೆ ತಿಳಿಯಬೇಕು.

3. ಎರಡು ಟ್ರೇಲರ್ ಇದ್ದಲ್ಲಿ ಟ್ರ್ಯಾಕ್ಟರಿನ ಹಿಂದೀಪ ಯಾರಿಗೂ ಕಾಣದು. ಕೊನೆಯ ಟ್ರೇಲರಿನ ಬೆನ್ನೇ ಮುಖ್ಯ.

4. ಹೊರಚಾಚಿದ ಕಬ್ಬು ಹಾಗೂ ಇಳಿಬಿದ್ದ ಸೋಗೆ ಪಟ್ಟಿಯನ್ನು ಮರೆಮಾಡುತ್ತವೆ. ಒಂದು ಹಲಗೆಗೆ ಕೆಂಪು ಪಟ್ಟಿ ಅಂಟಿಸಿ, ಎರಡೂ ತುದಿಗೆ ಹಗ್ಗ ಹಾಕಿ, ಹೇರಿದ ಮೇಲೆ ಹೊರೆಯ ತುದಿಗೇ ಕಟ್ಟಿರಿ. ಇಳಿಸುವಾಗ ಬಿಚ್ಚಿಟ್ಟುಕೊಂಡರೆ ಮುಂದಿನ ಹೇರಿಗೂ ಬರುತ್ತದೆ.

5. ಎತ್ತಿನ ಗಾಡಿಯ ಅಚ್ಚಿನ ಕೆಳಗೆ ಲಾಟೀನು ತೂಗುಹಾಕುವ ಪದ್ಧತಿ ಒಳ್ಳೆಯದೇ. ಆದರೆ ಚಕ್ರ ಮತ್ತು ಹೊರೆಯ ನಡುವೆ ಅದು ಮರೆಯಾಗುತ್ತದೆ. ಲಾಟೀನು ಇದ್ದರೂ ಹಿಂದಿನ ಹಲಗೆಯ ಎರಡು ತುದಿಗೆ ಪ್ರತಿಫಲಕ ಇರಲಿ.

6. ಅಂಟಿಸುವ ಜಾಗದ ತುಕ್ಕು, ಎಣ್ಣೆ, ಮಣ್ಣು ತೆಗೆದು ಒಣಗಿಸಿ. ಒರಟು ಮರಕ್ಕೆ ಅಂಟು ಹಿಡಿಯದು. ತಗಡಿನ ಮೇಲೆ ಅಂಟಿಸಿ ಮೊಳೆ ಹೊಡೆಯಿರಿ.

ಟ್ರೇಲರುಗಳ ಹಿಂಬದಿಗೆ ಕೆಂಪು ಪ್ರತಿಫಲಕ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸುತ್ತವೆ. ಎತ್ತಿನ ಗಾಡಿ ಮೋಟಾರು ವಾಹನವಲ್ಲ, ನಿಜ. ಅಪಾಯಕ್ಕೆ ಆ ಭೇದವಿಲ್ಲ.

ತ್ರಿಕೋನ ಫಲಕ

ಇದೇ ತೊಂದರೆ ಅಮೆರಿಕದ ರೈತರಿಗೂ ಇತ್ತು. 1960ರ ದಶಕದ ಆರಂಭದಲ್ಲಿ ಓಹಿಯೋ ರಾಜ್ಯ ವಿಶ್ವವಿದ್ಯಾಲಯದ ಕೃಷಿ ಎಂಜಿನಿಯರಿಂಗ್ ತಜ್ಞರು ನಿಧಾನ ವಾಹನಗಳಿಗೆಂದೇ ಒಂದು ತ್ರಿಕೋನ ಫಲಕ ರೂಪಿಸಿದರು. ನಡುವೆ ಹೊಳೆಯುವ ಕಿತ್ತಳೆ ಬಣ್ಣ, ಸುತ್ತಲೂ ಕೆಂಪು ಪ್ರತಿಫಲಕದ ಅಂಚು. ಹಗಲಿನಲ್ಲಿ ಕಿತ್ತಳೆ ಬಣ್ಣ ಎದ್ದು ಕಾಣುತ್ತದೆ. ರಾತ್ರಿ ಕೆಂಪು ಅಂಚು ತ್ರಿಕೋನವಾಗಿ ಉರಿಯುತ್ತದೆ. ಗಂಟೆಗೆ 40 ಕಿ.ಮೀ.ಗಿಂತ ಕಡಿಮೆ ವೇಗದ ವಾಹನ ಎಂಬುದೇ ಅದರ ಅರ್ಥ. ಇಂಥದೊಂದನ್ನು ಮಾಡಿಸಿ, ಚೂಪು ತುದಿ ಮೇಲಿರುವಂತೆ ಹಿಂಬದಿಯ ಮಧ್ಯಕ್ಕೆ ಹಾಕಿಸಬಹುದು. ಆದರೆ ಅಂಚಿನ ಪಟ್ಟಿಗಳ ಬದಲಿಗೆ ಅಲ್ಲ, ಅವುಗಳ ಜೊತೆಗೆ.

ದಾರಿಯಲ್ಲಿ ಕೆಟ್ಟು ನಿಂತರೆ

ಮೊದಲು ಗಾಡಿಯನ್ನು ಡಾಂಬರಿನಿಂದ ಕೆಳಗಿಳಿಸಿ. ಆಗದಿದ್ದಲ್ಲಿ ಹಿಂದಕ್ಕೆ ಕನಿಷ್ಠ ನೂರು ಹೆಜ್ಜೆ ದೂರದಲ್ಲಿ ಪ್ರತಿಫಲಿಸುವ ತ್ರಿಕೋನ ಇಡಿ. ಕಲ್ಲುಗಳನ್ನೂ ಸೊಪ್ಪಿನ ಕೊಂಬೆಗಳನ್ನೂ ಗುರುತಾಗಿ ಇಡುವುದು ತರವಲ್ಲ. ಕಲ್ಲು ರಾತ್ರಿ ಯಾರಿಗೂ ಕಾಣದು. ಚಕ್ರಕ್ಕೆ ಕೊಟ್ಟ ಕಲ್ಲನ್ನು ಹೊರಡುವಾಗ ಮರೆಯದೆ ತೆಗೆದುಹಾಕಿ. ನೀವು ಬಿಟ್ಟುಹೋದ ಕಲ್ಲಿಗೆ ಎಡವುವ ಬೈಕಿನವನು ನಿಮ್ಮೂರಿನವನೇ ಇರಬಹುದು.

ದಾರಿಯ ಆಯ್ಕೆಯೂ ಮುಖ್ಯ. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟಿನಿಂದ ಟ್ರ್ಯಾಕ್ಟರು, ಎತ್ತಿನ ಗಾಡಿಗಳಿಗೆ ಪ್ರವೇಶ ನಿಷೇಧಿಸಲಾಯಿತು. ಪಕ್ಕದ ಸರ್ವಿಸ್ ರಸ್ತೆ ಇರುವ ಕಡೆಗಳಲ್ಲೆಲ್ಲ ಅದನ್ನೇ ಬಳಸಿರಿ. ಅಲ್ಲಿಯೂ ವೇಗವಾಗಿ ಬರುವವರಿದ್ದಾರೆ. ಪ್ರತಿಫಲಕ ಅಲ್ಲಿಯೂ ಬೇಕು.

ನೀವೇ ಮಾಡಬಹುದಾದ ಪರೀಕ್ಷೆ

ಕತ್ತಲಾದ ಮೇಲೆ ಹೇರಿದ ಗಾಡಿಯ ಹಿಂದೆ ನೂರು ಹೆಜ್ಜೆ ನಡೆದು ನಿಲ್ಲಿ. ಟಾರ್ಚನ್ನು ಕಣ್ಣಿನ ಪಕ್ಕದಲ್ಲೇ ಹಿಡಿದು ಗಾಡಿಯ ಮೇಲೆ ಬೆಳಕು ಬಿಡಿ. ಎರಡು ಅಂಚುಗಳೂ ಕೆಂಪಗೆ ಹೊಳೆದರೆ ಸರಿ. ಒಂದೇ ಹೊಳೆದರೆ, ಇನ್ನೊಂದನ್ನು ಕಬ್ಬೋ ಕೆಸರೋ ಮುಚ್ಚಿದೆ ಎಂದರ್ಥ. ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ನೋಡಿ. ವ್ಯತ್ಯಾಸ ನಿಮಗೇ ತಿಳಿಯುತ್ತದೆ. ಗದ್ದೆಯಿಂದ ರಸ್ತೆಗೆ ಹತ್ತುವಾಗಲೆಲ್ಲ ಒಮ್ಮೆ ಒರೆಸುವ ಅಭ್ಯಾಸವನ್ನು ಮನೆಯ ಹುಡುಗರಿಗೂ, ಬಾಡಿಗೆ ಚಾಲಕನಿಗೂ ಕಲಿಸಿರಿ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತೆ ಆಗಬಾರದು. ಒಂದು ಜೊತೆ ಎತ್ತಿನ ಬೆಲೆ, ಒಂದು ಟ್ರೇಲರಿನ ಬೆಲೆ ನಿಮಗೆ ಗೊತ್ತು. ಗಾಡಿಯ ಮೇಲೆ ಕುಳಿತವನ ಜೀವಕ್ಕೆ ಬೆಲೆ ಕಟ್ಟಲಾಗದು. ಅವೆಲ್ಲವನ್ನೂ ಕಾಯುವ ಕೆಂಪು ಪಟ್ಟಿಗೆ ತಗಲುವ ಖರ್ಚು ಅತ್ಯಲ್ಪ. ಈ ಹಂಗಾಮಿನ ಮೊದಲ ಹೇರು ಹೊರಡುವ ಮುನ್ನವೇ ಅದನ್ನು ಅಂಟಿಸಿರಿ.