ನಿದ್ರೆಯೂ ಒಸಡುಗಳೂ

ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಸುಗ್ಗಿ ಬಂದಿತೆಂದರೆ ಅನೇಕರಿಗೆ ರಾತ್ರಿಯೆಂಬುದೇ ಇಲ್ಲ. ಮಾಲು ತಂದ ರೈತನು ಚೀಲಗಳ ಮೇಲೆಯೇ ಒರಗುವನು. ಹಮಾಲನು ಎಲೆ, ಅಡಿಕೆ, ತಂಬಾಕುಗಳಿಂದ ತೂಕಡಿಕೆಯನ್ನು ಓಡಿಸುವನು. ರಾತ್ರಿಯೆಲ್ಲ ಓದಿ, ಬಾಯಿ ಮುಕ್ಕಳಿಸದೆ ಮಲಗುತ್ತಿದ್ದ ನಾನೂ ಇವರಿಗಿಂತ ಜಾಣನಾಗಿರಲಿಲ್ಲ. ಬೆಳಗಿನಲ್ಲಿ ಉಗುಳಿದ ನೀರು ಕೆಂಪಾಗಿದ್ದರೆ ಕಡ್ಡಿ ತಗಲಿತೆಂದು ಸುಮ್ಮನಾಗುತ್ತಿದ್ದೆನು. ನಿವೃತ್ತಿಗೆ ಮೊದಲೇ ಮುಂದಿನ ಎರಡು ಹಲ್ಲುಗಳು ಹೋದುವು; ತ, ಥ, ದ, ಧಗಳನ್ನು ಹೇಳಿಕೊಡತಕ್ಕ ಮಾಸ್ತರನ ಬಾಯಲ್ಲಿ ದಂತ್ಯಾಕ್ಷರಗಳೇ ತೊದಲಿದುವು!

ಬಾಯನ್ನು ಸದಾ ತೊಳೆಯುವುದು ಲಾಲಾರಸ. ನಿದ್ರೆಯಲ್ಲಿ ಅದರ ಪ್ರವಾಹವು ಬಹಳ ಕುಗ್ಗುವುದು. ಬಾಯ್ದೆರೆದು ಉಸಿರಾಡಿದರೆ ಇದ್ದುದೂ ಆರುವುದು. ಆಗ ಹಲ್ಲಿನ ಬುಡದ ಪಾಚಿಯಲ್ಲಿ ಸೂಕ್ಷ್ಮಜೀವಿಗಳು ವೃದ್ಧಿಯಾಗುವುವು. ಒಸಡು ಉರಿಯೂತದಿಂದ ಬಾತು, ಕ್ರಮೇಣ ಹಲ್ಲನ್ನು ಹಿಡಿದ ಎಲುಬೇ ಕರಗುವುದು. ಅಲ್ಪನಿದ್ರೆಯೊಂದೇ ಈ ರೋಗಕ್ಕೆ ಕಾರಣವೆನ್ನಲಾಗದು; ಪಾಚಿಯೂ ತಂಬಾಕೂ ಮುಖ್ಯ ವೈರಿಗಳು. ಆದರೆ ನಿದ್ರೆಗೆಟ್ಟ ದೇಹದಲ್ಲಿ ಉರಿಯೂತವು ಹೆಚ್ಚುವುದುಂಟು.

ಚರಕಸಂಹಿತೆಯು ನಿದ್ರೆಯನ್ನು ಶರೀರದ ಮೂರು ಆಧಾರಗಳಲ್ಲಿ ಒಂದಾಗಿ ಎಣಿಸಿದೆ. ಬೆಳಿಗ್ಗೆಯೂ ಊಟವಾದ ಮೇಲೂ, ಒಸಡಿಗೆ ನೋವಾಗದಂತೆ, ಹಲ್ಲುಜ್ಜಬೇಕೆಂದು ವಾಗ್ಭಟನು ವಿಧಿಸಿದನು. ನಾವು ಮೊದಲನೆಯದನ್ನು ಇಟ್ಟುಕೊಂಡು ಎರಡನೆಯದನ್ನು ಮರೆತೆವು.

ಆದುದರಿಂದ, ವಾಚಕರೇ, ರಾತ್ರಿ ಊಟವಾದ ಮೇಲೆ ಮೃದುವಾದ ಬ್ರಷ್ಷಿನಿಂದ ಹಲ್ಲುಜ್ಜಿ, 7-8 ತಾಸು ನಿದ್ರಿಸಿರಿ. ತಂಬಾಕನ್ನು ಬಿಡಿರಿ, ಅದನ್ನು ದವಡೆಯಲ್ಲಿಟ್ಟು ಮಲಗುವುದಂತೂ ಸರ್ವಥಾ ಕೂಡದು. ಒಸಡು ಬಹುಕಾಲ ನೋವನ್ನು ತೋರದೆಯೇ ಕೆಡುವುದು. ರಕ್ತವೇ ಅದರ ಮಾತು. ಆ ಮಾತನ್ನು ಕೇಳಿದ ಕೂಡಲೆ ದಂತವೈದ್ಯರನ್ನು ಕಾಣಿರಿ. ನಾನು ಕೇಳಲಿಲ್ಲ.